ಎನ್‌ಕ್ರಿಪ್ಟ್ ಮಾಡಿದ ಕಾಗದಪತ್ರ, ಐದು ಕಡೆ ಕೀಲಿಕೈ: ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಸಹಕಾರ ಸಂಘ, ಕೋಲ್ಡ್ ಸ್ಟೋರೇಜ್, ವಕೀಲರ ಮತ್ತು ಲೆಕ್ಕಪರಿಶೋಧಕರ ಕಚೇರಿಗಳಲ್ಲಿ ಕಂಪ್ಯೂಟರ್ ಕೆಲಸ ನೋಡಿಕೊಳ್ಳುವವರಿಗಾಗಿ ಈ ಪುಟ. ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಂಡಿದ್ದೇವೆ: ಮೆಣಸಿನಕಾಯಿ ದಾಸ್ತಾನಿನ ಮೇಲಿನ ಸಾಲದ ಕಡತ. ರೈತರು ಬ್ಯಾಡಗಿಯ ಕೋಲ್ಡ್ ಸ್ಟೋರೇಜಿನಲ್ಲಿ ಚೀಲ ಇಡುತ್ತಾರೆ. ಹಾವೇರಿಯ ಸಂಘ ಅದರ ಮೇಲೆ ಸಾಲ ಕೊಡುತ್ತದೆ. ಸಂಘಕ್ಕೆ ಹಣ ಒದಗಿಸುವುದು ಹುಬ್ಬಳ್ಳಿಯ ಬ್ಯಾಂಕ್, ಲೆಕ್ಕ ನೋಡುವವರು ಗದಗಿನವರು, ತಕರಾರು ಬಂದರೆ ವಕೀಲರು ಧಾರವಾಡದವರು. ದಾಸ್ತಾನು ರಸೀದಿ, ಬಣ್ಣದ ಲ್ಯಾಬ್ ವರದಿ, ಸಾಲದ ಕರಾರು ಈ ಐವರಿಗೂ ಆಗಾಗ ಬೇಕು. ಆದರೆ ಇಡೀ ಕಡತದ ಯಜಮಾನಿಕೆ ಯಾರೊಬ್ಬರ ಕೈಗೂ ಹೋಗಬಾರದು. ಅದಕ್ಕಾಗಿ ಕಡತವನ್ನು ಎನ್‌ಕ್ರಿಪ್ಟ್ ಮಾಡಿ (ಕೀಲಿಕೈ ಇಲ್ಲದೆ ಓದಲಾಗದಂತೆ ಬದಲಿಸಿ), ಕೀಲಿಕೈಯನ್ನು ಐವರಿಗೆ ಒಡೆದು ಹಂಚಿ, ಅನುಮತಿಯ ರಿಜಿಸ್ಟರನ್ನು ಬ್ಲಾಕ್‌ಚೈನ್‌ನಲ್ಲಿ, ಅಂದರೆ ಹಲವರ ಯಂತ್ರಗಳಲ್ಲಿ ಒಂದೇ ಪ್ರತಿ ಇರುವ ದಾಖಲೆಯಲ್ಲಿ, ಇಡುವ ವ್ಯವಸ್ಥೆ ಇದು.

ಕಾಗದ ಬ್ಲಾಕ್‌ಚೈನ್ ಮೇಲೆ ಹೋಗುತ್ತದೆಯೇ?

ಇಲ್ಲ, ಹೋಗಲೂಬಾರದು. ಎಥೀರಿಯಂ ಎಂಬ ಸಾರ್ವಜನಿಕ ಚೈನ್‌ನಲ್ಲಿ 32 ಬೈಟ್‌ನ ಒಂದು ಹೊಸ ಖಾನೆ ತುಂಬಲು ಸುಮಾರು 22,100 ಗ್ಯಾಸ್ (ಅಲ್ಲಿನ ಕೆಲಸದ ಖರ್ಚಿನ ಅಳತೆ) ಬೇಕು. ಒಂದು ಎಂಬಿ ಸ್ಕ್ಯಾನ್ ಎಂದರೆ 32,768 ಖಾನೆ, ಅಂದರೆ 72 ಕೋಟಿ ಗ್ಯಾಸ್‌ಗೂ ಹೆಚ್ಚು. ಅಷ್ಟು ಒಂದೇ ಬ್ಲಾಕ್‌ನಲ್ಲಿ (ಚೈನ್‌ಗೆ ಒಮ್ಮೆಗೆ ಸೇರುವ ಕಂತು) ಹಿಡಿಯುವುದೂ ಇಲ್ಲ. ದುಡ್ಡಿನ ಮಾತು ಬಿಟ್ಟರೂ, ಒಮ್ಮೆ ಬರೆದದ್ದನ್ನು ಅಳಿಸಲು ಬಾರದ ಜಾಗದಲ್ಲಿ ರೈತರ ಸಾಲದ ಕರಾರು ಇಡುವುದು ಜಾಣತನವಲ್ಲ.

ಹಾಗಾದರೆ ಯಾವುದು ಎಲ್ಲಿರುತ್ತದೆ?

ಎನ್‌ಕ್ರಿಪ್ಟ್ ಆದ ಕಡತ ಸಾಮಾನ್ಯ ಸರ್ವರ್‌ನಲ್ಲಿ. ಕೀಲಿಕೈ ಇಡಿಯಾಗಿ ಎಲ್ಲಿಯೂ ಇರುವುದಿಲ್ಲ. ಅದನ್ನು ಐದು ಪಾಲಾಗಿ ಒಡೆದು ಐದು ಸಂಸ್ಥೆಗಳ ಪಾಲು-ಸರ್ವರ್‌ಗಳಲ್ಲಿ ಇಡಲಾಗುತ್ತದೆ. ಚೈನ್ ಮೇಲೆ ಇರುವುದು ರಿಜಿಸ್ಟರ್ ಮಾತ್ರ: ಕಡತದ ಕ್ರಮಸಂಖ್ಯೆ, ಎನ್‌ಕ್ರಿಪ್ಟ್ ಆದ ಕಡತದ ಹ್ಯಾಶ್ (ಕಡತದಿಂದ ಲೆಕ್ಕ ಹಾಕಿದ ಗುರುತಿನ ಅಂಕಿ, ಕಡತ ಚೂರು ಬದಲಾದರೂ ಇದು ಬೇರೆಯಾಗುತ್ತದೆ), ಓದುವ ಅನುಮತಿ ಯಾರಿಗಿದೆ, ಅದನ್ನು ಯಾರು ಯಾವಾಗ ಕೊಟ್ಟರು, ಯಾವಾಗ ಹಿಂತೆಗೆದರು.

ಹಲವರ ಯಂತ್ರಗಳಲ್ಲಿ ಕಡತ ಹಂಚಿಡುವ ಐಪಿಎಫ್‌ಎಸ್ ಜಾಲ ಬಳಸಬಹುದೇ ಎಂದು ಕೇಳುತ್ತಾರೆ. ಬಳಸಬಹುದು, ಆದರೆ ಅಲ್ಲಿ ಪಿನ್ ಮಾಡಿದವರು (ಕಡತ ಉಳಿಸಿಕೊಳ್ಳುವಂತೆ ಗುರುತು ಹಾಕಿದವರು) ಇರುವವರೆಗೆ ಮಾತ್ರ ಕಡತ ಉಳಿಯುವ ಭರವಸೆ. ಪಿನ್ ತೆಗೆದ ಮೇಲೂ ಬೇರೆಯವರ ಹತ್ತಿರ ಪ್ರತಿ ಉಳಿದಿರಬಹುದು. ಬೇಕೆಂದಾಗ ಉಳಿಯುವ ಖಾತ್ರಿಯಿಲ್ಲ, ಬೇಡವೆಂದಾಗ ಹೋಗುವ ಖಾತ್ರಿಯೂ ಇಲ್ಲ. ಈ ಕೆಲಸಕ್ಕೆ ಎರಡು ಕಡೆ ಬ್ಯಾಕಪ್ ಇರುವ ಸಾದಾ ಸರ್ವರ್ ವಾಸಿ.

ಕೀಲಿಕೈ ಒಡೆಯುವುದು ಎಂದರೆ ಅರ್ಧ ಇವರಿಗೆ, ಅರ್ಧ ಅವರಿಗೆ ಕೊಡುವುದೇ?

ಅಲ್ಲ. ಬ್ಯಾಂಕಿನ ತಿಜೋರಿಗೆ ಮ್ಯಾನೇಜರ್ ಮತ್ತು ಕ್ಯಾಷಿಯರ್ ಇಬ್ಬರ ಕೀಲಿಕೈಯೂ ಬೇಕು, ಒಬ್ಬರು ರಜೆ ಹಾಕಿದರೆ ಕೆಲಸ ನಿಂತಿತು. ಇಲ್ಲಿ ಬಳಸುವುದು ಅಡಿ ಶಮೀರ್ 1979ರಲ್ಲಿ ಪ್ರಕಟಿಸಿದ ಗಣಿತ. ಐದರಲ್ಲಿ ಯಾವ ಮೂರು ಪಾಲು ಸೇರಿದರೂ ಪೂರ್ತಿ ಕೀಲಿಕೈ ಸಿಗುತ್ತದೆ. ಎರಡೇ ಇದ್ದರೆ ಒಂದು ಬಿಟ್‌ನಷ್ಟೂ ಸುಳಿವು ಸಿಗುವುದಿಲ್ಲ, ಎಷ್ಟೇ ದೊಡ್ಡ ಕಂಪ್ಯೂಟರ್ ತಂದರೂ ಅಷ್ಟೇ.

ಮೂರು ಬಿಂದು ಗೊತ್ತಿದ್ದರೆ ಅವುಗಳ ಮೂಲಕ ಹಾಯುವ ಎರಡನೇ ಘಾತದ ವಕ್ರರೇಖೆ ಒಂದೇ. ಎರಡೇ ಬಿಂದು ಗೊತ್ತಿದ್ದರೆ ಅಂಥ ರೇಖೆಗಳು ಲೆಕ್ಕವಿಲ್ಲದಷ್ಟು. ಆ ರೇಖೆ ಸೊನ್ನೆಯಲ್ಲಿ ಎಲ್ಲಿ ಮುಟ್ಟುತ್ತದೋ ಅದೇ ಕೀಲಿಕೈ. ಲೆಕ್ಕವನ್ನು ಸಾಮಾನ್ಯ ಸಂಖ್ಯೆಗಳಲ್ಲಿ ಮಾಡದೆ ಪರಿಮಿತ ಕ್ಷೇತ್ರದಲ್ಲಿ ಮಾಡುತ್ತಾರೆ. 32 ಬೈಟ್‌ನ ಕೀಲಿಕೈಗೆ ಪ್ರತಿ ಪಾಲು 32 ಬೈಟ್, ಜೊತೆಗೆ ಪಾಲಿನ ಸಂಖ್ಯೆಗೆ ಒಂದು ಬೈಟ್. ಹತ್ತು ಸಾವಿರ ಕಡತಕ್ಕೆ ಒಂದು ಸಂಸ್ಥೆ ಇಟ್ಟುಕೊಳ್ಳಬೇಕಾದ ಪಾಲುಗಳೆಲ್ಲ ಸೇರಿ 330 ಕೆಬಿ ದಾಟುವುದಿಲ್ಲ. ಹಾಗಾಗಿ ಜಾಗ ಉಳಿಸಲೆಂದು ಎಲ್ಲ ಕಡತಕ್ಕೂ ಒಂದೇ ಕೀಲಿಕೈ ಇಡುವ ಅಗತ್ಯವೇ ಇಲ್ಲ.

ಒಂದು ಕಡತ ಸೇರಿಸುವ ಕ್ರಮ ಏನು?

ಕಳಿಸುವವರ ಕಂಪ್ಯೂಟರ್‌ನಲ್ಲೇ ಪ್ರತಿ ಕಡತಕ್ಕೂ ಹೊಸದಾಗಿ 256 ಬಿಟ್‌ನ ಯಾದೃಚ್ಛಿಕ ಕೀಲಿಕೈ ಹುಟ್ಟಿಸಿ. ಅದು ಆಪರೇಟಿಂಗ್ ಸಿಸ್ಟಂನ ಸುರಕ್ಷಿತ ಮೂಲದಿಂದಲೇ ಬರಬೇಕು. ಮಾಮೂಲಿ ರ್‍ಯಾಂಡಮ್ ಫಂಕ್ಷನ್‌ನಿಂದ ಬಂದದ್ದನ್ನು ಊಹಿಸಲು ಬರುತ್ತದೆ.

ಆ ಕೀಲಿಕೈಯಿಂದ ಕಡತವನ್ನು ಎಇಎಸ್-256-ಜಿಸಿಎಂ ವಿಧಾನದಲ್ಲಿ ಎನ್‌ಕ್ರಿಪ್ಟ್ ಮಾಡಿ. 12 ಬೈಟ್‌ನ ನಾನ್ಸ್ (ಒಮ್ಮೆ ಮಾತ್ರ ಬಳಸುವ ಅಂಕಿ) ಮುಂದೆ, 16 ಬೈಟ್‌ನ ಟ್ಯಾಗ್ (ಕಡತ ಕೆಟ್ಟಿಲ್ಲವೆಂದು ತಾಳೆ ನೋಡುವ ಗುರುತು) ಹಿಂದೆ ಇಟ್ಟು ಒಂದೇ ಕಡತವಾಗಿ ಉಳಿಸಿ. ಒಂದೇ ಕೀಲಿಕೈ ಜೊತೆ ಒಂದೇ ನಾನ್ಸ್ ಎರಡು ಸಲ ಬಂದರೆ ಜಿಸಿಎಂ ಕುಸಿಯುತ್ತದೆ: ಎರಡೂ ಕಡತದ ಒಳಗುಟ್ಟು ಹೊರಬೀಳಬಹುದು, ಟ್ಯಾಗ್ ಅನ್ನೂ ನಕಲು ಮಾಡಬಹುದು. ಕಡತಕ್ಕೊಂದು ಹೊಸ ಕೀಲಿಕೈ ಎಂಬ ನಿಯಮ ಈ ಅಪಾಯವನ್ನೂ ತಪ್ಪಿಸುತ್ತದೆ. ಕಡತ ತಿದ್ದಿದರೂ ಹೊಸ ಕೀಲಿಕೈಯೇ.

ಇನ್ನು ಎನ್‌ಕ್ರಿಪ್ಟ್ ಆದ ಕಡತದ ಎಸ್‌ಎಚ್‌ಎ-256 ಹ್ಯಾಶ್ ತೆಗೆದು ಚೈನ್‌ಗೆ ಬರೆಯಿರಿ. ಮೂಲ ಕಡತದ ಹ್ಯಾಶ್ ಬೇಡ. ದಾಸ್ತಾನು ರಸೀದಿಯಂಥ ಸಿದ್ಧ ನಮೂನೆಯಲ್ಲಿ ಬದಲಾಗುವುದು ಹೆಸರು, ಚೀಲದ ಸಂಖ್ಯೆ, ತೂಕ ಇಷ್ಟೇ. ನಮೂನೆ ಗೊತ್ತಿದ್ದವರು ಒಂದೊಂದೇ ತುಂಬಿ ಹ್ಯಾಶ್ ತಾಳೆ ನೋಡಿ ಒಳಗಿರುವುದನ್ನು ಪತ್ತೆ ಹಚ್ಚಬಹುದು.

ಕೊನೆಗೆ ಕೀಲಿಕೈಯನ್ನು ಐದರಲ್ಲಿ ಮೂರು ಎಂದು ಒಡೆದು, ಪ್ರತಿ ಪಾಲನ್ನೂ ಆಯಾ ಸಂಸ್ಥೆಯ ಪಬ್ಲಿಕ್ ಕೀಯಿಂದ (ಎಲ್ಲರಿಗೂ ಕೊಡುವ ಕೀ, ಅದರಿಂದ ಮುಚ್ಚಿದ್ದು ಆ ಸಂಸ್ಥೆಯ ಗುಟ್ಟಿನ ಪ್ರೈವೇಟ್ ಕೀಯಿಂದ ಮಾತ್ರ ತೆರೆಯುತ್ತದೆ) ಎನ್‌ಕ್ರಿಪ್ಟ್ ಮಾಡಿ ಆಯಾ ಪಾಲು-ಸರ್ವರ್‌ಗೆ ನೇರವಾಗಿ ಕಳಿಸಿ. ಐದೂ ಕಡೆಯಿಂದ "ತಲುಪಿತು" ಎಂಬ ಸಹಿ ಬಂದ ಮೇಲೆ ನಿಮ್ಮ ಯಂತ್ರದಲ್ಲಿರುವ ಇಡೀ ಕೀಲಿಕೈ ಅಳಿಸಿ. ಮೂರು ಕಡೆಯಿಂದ ಬಂದೊಡನೆ ಸಾಕೆಂದು ಅಳಿಸಿಬಿಡುವ ತಂತ್ರಾಂಶಗಳಿವೆ. ಹಾಗೆ ಮಾಡಿದರೆ ಆ ಮೂರರಲ್ಲಿ ಒಂದು ಡಿಸ್ಕ್ ಕೆಟ್ಟ ದಿನ ಕಡತ ಹೋಯಿತು.

ಪಾಲುಗಳನ್ನೂ ಎನ್‌ಕ್ರಿಪ್ಟ್ ಮಾಡಿ ಚೈನ್ ಮೇಲೇ ಇಟ್ಟರೆ ಸರ್ವರ್ ಖರ್ಚು ಉಳಿಯುತ್ತದಲ್ಲ?

ಹಲವು ಕಂಪನಿಗಳ ಪ್ರಚಾರದಲ್ಲಿ ಇದೇ ವಿನ್ಯಾಸ ಕಾಣುತ್ತದೆ. ಸಾರ್ವಜನಿಕ ಚೈನ್ ಆದರೆ ನಮ್ಮ ಸಲಹೆ ಸ್ಪಷ್ಟ: ಬೇಡ. ಇವತ್ತು ಬರೆದದ್ದು ಇಪ್ಪತ್ತು ವರ್ಷದ ನಂತರವೂ ಅಲ್ಲೇ ಇರುತ್ತದೆ, ಅಷ್ಟರಲ್ಲಿ ಮೂರು ಸಂಸ್ಥೆಗಳ ಹಳೆಯ ಪ್ರೈವೇಟ್ ಕೀ ಸೋರಿದರೂ ಎಲ್ಲ ಕಡತದ ಕೀಲಿಕೈಗಳೂ ಬಯಲು. ಸೋರಿದ್ದು ಗೊತ್ತಾದರೂ ಮಾಡಲು ಏನೂ ಉಳಿದಿರುವುದಿಲ್ಲ. ಪಾಲನ್ನು ಮುಚ್ಚಲು ಬಳಸುವ ಆರ್‌ಎಸ್‌ಎ, ಎಕ್ಸ್25519 ಎರಡೂ ದೊಡ್ಡ ಕ್ವಾಂಟಮ್ ಕಂಪ್ಯೂಟರ್ ಬಂದ ದಿನ ಮುರಿಯುವಂಥವು. ಅದಕ್ಕೆ ಬದಲಿಯಾದ ಎಂಎಲ್-ಕೆಇಎಂ ಅನ್ನು ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ 2024ರ ಆಗಸ್ಟ್‌ನಲ್ಲಿ ಮಾನಕವಾಗಿ ಹೊರಡಿಸಿದೆ. ಎಇಎಸ್-256ಕ್ಕೆ ಆ ಭಯ ಇಲ್ಲ, ಶಮೀರ್ ಪಾಲಿಗೂ ಇಲ್ಲ. ದುರ್ಬಲ ಕೊಂಡಿ ನಡುವಿನ ಈ ಹೊದಿಕೆ ಮಾತ್ರ, ಅದನ್ನು ಬಯಲಲ್ಲಿ ಇಡಬೇಡಿ.

ಎಥೀರಿಯಂನ ಪ್ರೋಗ್ರಾಂ ಭಾಷೆಯಾದ ಸಾಲಿಡಿಟಿಯಲ್ಲಿ "ಪ್ರೈವೇಟ್" ಎಂದು ಬರೆದ ವೇರಿಯಬಲ್ ಬೇರೆ ಕಾಂಟ್ರಾಕ್ಟ್‌ಗೆ (ಚೈನ್ ಮೇಲಿನ ಪ್ರೋಗ್ರಾಂಗೆ) ಕಾಣುವುದಿಲ್ಲ, ಮನುಷ್ಯರಿಗೆ ಕಾಣುತ್ತದೆ. ಯಾವ ನೋಡ್ ಅನ್ನಾದರೂ, ಅಂದರೆ ಚೈನ್‌ನ ಪ್ರತಿ ಇಟ್ಟ ಯಾವ ಯಂತ್ರವನ್ನಾದರೂ, ಆ ಖಾನೆಯ ಮೌಲ್ಯ ಕೇಳಿದರೆ ಕೊಡುತ್ತದೆ.

ಐದು ಪಾಲು ಯಾರ ಹತ್ತಿರ ಇರಬೇಕು?

ಇಡೀ ಪುಟದಲ್ಲಿ ಒಂದೇ ಉತ್ತರ ಓದುವ ಸಮಯವಿದ್ದರೆ ಇದನ್ನು ಓದಿ. ಗಣಿತ ಕೈಕೊಡುವುದು ಬಹಳ ಅಪರೂಪ. ಐದು ಎಂದುಕೊಂಡದ್ದು ನಿಜಕ್ಕೂ ಒಂದೇ ಆಗಿರುವುದು ಮಾಮೂಲು.

ಬ್ಯಾಡಗಿ, ಹಾವೇರಿ, ಹುಬ್ಬಳ್ಳಿ, ಗದಗ, ಧಾರವಾಡ: ಕಾಗದದ ಮೇಲೆ ಐದು ಊರು, ಐದು ಸಂಸ್ಥೆ. ಆದರೆ ಐದೂ ಕಡೆ ಸರ್ವರ್ ಕೂರಿಸಿದ್ದು ಹುಬ್ಬಳ್ಳಿಯ ಒಂದೇ ಸೇವಾ ಸಂಸ್ಥೆ, ಐದರ ಅಡ್ಮಿನ್ ಪಾಸ್‌ವರ್ಡ್‌ಗಳೂ ಅವರ ಹುಡುಗರ ಒಂದೇ ಎಕ್ಸೆಲ್ ಶೀಟಿನಲ್ಲಿ ಇದ್ದರೆ ಕೀಲಿಕೈ ಒಡೆದೇ ಇಲ್ಲ. ಐದೂ ಪಾಲು-ಸರ್ವರ್‌ಗಳ ರಾತ್ರಿ ಬ್ಯಾಕಪ್ ಒಂದೇ ಕ್ಲೌಡ್ ಖಾತೆಗೆ ಹೋಗುತ್ತಿದ್ದರೂ ಹಾಗೆಯೇ. ಸಂಘದ ಕಾರ್ಯದರ್ಶಿಯೇ ಕೋಲ್ಡ್ ಸ್ಟೋರೇಜಿನ ಪಾಲುದಾರರಾಗಿದ್ದರೆ ಎರಡು ಪಾಲು ಒಂದು ಮನೆಯಲ್ಲಿದ್ದಂತೆ, ಮೂರನೆಯದಕ್ಕೆ ಒಂದು ಫೋನ್ ಸಾಕು.

ಪರೀಕ್ಷಿಸಲು ಪ್ರತಿ ಪಾಲಿಗೂ ನಾಲ್ಕು ಸಂಗತಿ ಬರೆಯಿರಿ: ಯಂತ್ರ ಯಾವ ಕಟ್ಟಡದಲ್ಲಿದೆ, ಅಡ್ಮಿನ್ ಪಾಸ್‌ವರ್ಡ್ ಯಾರಿಗೆ ಗೊತ್ತು, ಬ್ಯಾಕಪ್ ಎಲ್ಲಿಗೆ ಹೋಗುತ್ತದೆ, ತಂತ್ರಾಂಶದ ಅಪ್‌ಡೇಟ್ ಎಲ್ಲಿಂದ ಬರುತ್ತದೆ. ಒಂದೇ ಉತ್ತರ ಮೂರು ಸಾಲಿನಲ್ಲಿ ಬಂದರೆ ಕೀಲಿಕೈ ಅಲ್ಲಿ ಇಡಿಯಾಗಿದೆ ಎಂದೇ ಲೆಕ್ಕ. ಬ್ಯಾಕಪ್‌ಗಳನ್ನು ಆಯಾ ಸಂಸ್ಥೆ ತನ್ನದೇ ಪಾಸ್‌ಫ್ರೇಸಿನಿಂದ ಮುಚ್ಚಿದರೆ ಆ ಒಂದು ತೊಂದರೆ ಕಳೆಯುತ್ತದೆ. ಕೂರಿಸಿದವರು ಹೋದ ದಿನವೇ ಪಾಸ್‌ವರ್ಡ್ ಬದಲಿಸಿದರೆ ಇನ್ನೊಂದು ಕಳೆಯುತ್ತದೆ.

ಐದರಲ್ಲಿ ಮೂರೇ ಏಕೆ? ಐದರಲ್ಲಿ ಐದು ಇದ್ದರೆ ಇನ್ನೂ ಭದ್ರವಲ್ಲವೇ?

ಕಳವು ಕಷ್ಟವಾಗುತ್ತದೆ, ನಷ್ಟ ಸುಲಭವಾಗುತ್ತದೆ. ಐದರಲ್ಲಿ ಐದು ಎಂದರೆ ಒಂದು ಡಿಸ್ಕ್ ಸುಟ್ಟರೆ ಕಡತ ಶಾಶ್ವತವಾಗಿ ಹೋಯಿತು. ಐದರಲ್ಲಿ ಎರಡು ಎಂದರೆ ಇಬ್ಬರು ಒಳಗೊಳಗೇ ಮಾತಾಡಿಕೊಂಡರೆ ಸಾಕು. ಮೂರು ಇಟ್ಟರೆ ಎರಡು ಪಾಲು ಕಳೆದರೂ ನಡೆಯುತ್ತದೆ, ಎರಡು ಕದ್ದರೂ ತೆರೆಯುವುದಿಲ್ಲ. ಹ್ಯಾಶಿಕಾರ್ಪ್‌ನ ವಾಲ್ಟ್ ತಂತ್ರಾಂಶವೂ ತನ್ನ ಕೀಲಿಕೈಗೆ ಮೊದಲಿನಿಂದಲೇ ಐದರಲ್ಲಿ ಮೂರು ಎಂದೇ ಇಟ್ಟುಕೊಂಡಿರುತ್ತದೆ.

ಬ್ಯಾಂಕಿನವರು ಕಡತ ತೆರೆಯಲು ಕೇಳಿದಾಗ ಒಳಗೆ ನಡೆಯುವುದೇನು?

ಅವರ ತಂತ್ರಾಂಶ ಐದೂ ಪಾಲು-ಸರ್ವರ್‌ಗಳಿಗೆ ಸಹಿ ಮಾಡಿದ ವಿನಂತಿ ಕಳಿಸುತ್ತದೆ. ಪ್ರತಿ ಸರ್ವರ್ ತನ್ನದೇ ನೋಡ್‌ನಲ್ಲಿ ಚೈನ್ ಓದಿ, ಕೇಳಿದವರ ಚೈನ್ ವಿಳಾಸಕ್ಕೆ ಈ ಕಡತದ ಅನುಮತಿ ಇದೆಯೇ ಎಂದು ನೋಡುತ್ತದೆ. ಇದ್ದರೆ ತನ್ನ ಪಾಲನ್ನು ಓದುವವರ ಪಬ್ಲಿಕ್ ಕೀಗೆ ಎನ್‌ಕ್ರಿಪ್ಟ್ ಮಾಡಿ ಕೊಡುತ್ತದೆ. ಮೂರು ಪಾಲು ಬಂದೊಡನೆ ಓದುವವರ ಯಂತ್ರದಲ್ಲೇ ಕೀಲಿಕೈ ಕೂಡುತ್ತದೆ. ಪಾಲು ಕೂಡಿಸುವ ಕೆಲಸವನ್ನು ಮಧ್ಯದ ಸರ್ವರ್ ಒಂದು ಮಾಡಿಕೊಡುವ ವ್ಯವಸ್ಥೆಯನ್ನು ಕೊಳ್ಳಬೇಡಿ, ಅಲ್ಲಿ ಎಲ್ಲ ಕೀಲಿಕೈಗಳೂ ಒಂದು ಕ್ಷಣ ಇಡಿಯಾಗಿ ಇರುತ್ತವೆ.

ಎಡವುವ ಜಾಗ ಮೂರು. ವಿನಂತಿಯ ಸಹಿಯೊಳಗೆ ಕಡತದ ಸಂಖ್ಯೆ ಮತ್ತು ಸರ್ವರ್ ಆಗಷ್ಟೇ ಕೊಟ್ಟ ಯಾದೃಚ್ಛಿಕ ಅಂಕಿ ಇರಬೇಕು, ಇಲ್ಲದಿದ್ದರೆ ಹಳೆಯ ವಿನಂತಿಯನ್ನೇ ಮತ್ತೆ ಕಳಿಸಿ ಪಾಲು ಎತ್ತಬಹುದು. ಐದೂ ಸರ್ವರ್ ಒಂದೇ ಬಾಡಿಗೆ ನೋಡ್‌ನಿಂದ ಚೈನ್ ಓದುತ್ತಿದ್ದರೆ ಆ ನೋಡ್ ಹೇಳಿದ್ದೇ ಸತ್ಯವಾಗುತ್ತದೆ. ಮೇಲೆ ಹೇಳಿದ "ಐದು ನಿಜಕ್ಕೂ ಒಂದೇ" ಎಂಬ ರೋಗದ ಇನ್ನೊಂದು ರೂಪ ಇದು. ಓದುವವರ ಪಬ್ಲಿಕ್ ಕೀಯನ್ನು ಮೊದಲ ಸಲ ನೋಂದಾಯಿಸುವಾಗ ಅದರ ಬೆರಳಚ್ಚು ಅಂಕಿಗಳನ್ನು ಫೋನಿನಲ್ಲಿ ಓದಿಸಿ ತಾಳೆ ನೋಡಿ, ಅದೂ ನಿಮ್ಮ ಹತ್ತಿರ ಮೊದಲೇ ಇದ್ದ ಸಂಖ್ಯೆಗೆ ನೀವೇ ಕರೆ ಮಾಡಿ. ಬೇರೆಯವರ ಕೀ ಒಮ್ಮೆ ಅಲ್ಲಿ ಕೂತರೆ ಮುಂದಿನದೆಲ್ಲ ನಿಯಮಬದ್ಧವಾಗಿಯೇ ಸೋರುತ್ತದೆ.

ಅನುಮತಿ ಹಿಂತೆಗೆದ ಮೇಲೂ ಹತ್ತು ನಿಮಿಷ ಕಡತ ತೆರೆಯಿತು. ಏಕೆ?

ಎಥೀರಿಯಂನಲ್ಲಿ 12 ಸೆಕೆಂಡಿಗೊಂದು ಸರದಿ, 32 ಸರದಿಗೆ ಒಂದು ಇಪಾಕ್. ಬ್ಲಾಕ್ ಅಂತಿಮವಾಗಲು ಎರಡು ಇಪಾಕ್, ಹತ್ತಿರ ಹತ್ತಿರ 13 ನಿಮಿಷ. ನಿಮ್ಮ ಪಾಲು-ಸರ್ವರ್ ಅಂತಿಮವಾದ ಬ್ಲಾಕ್ ಮಾತ್ರ ನೋಡುತ್ತಿದ್ದರೆ ಅಷ್ಟು ಹೊತ್ತು ಹಳೆಯ ಅನುಮತಿಯೇ ನಡೆಯುತ್ತದೆ. ಬರೀ ಇತ್ತೀಚಿನ ಬ್ಲಾಕ್ ನೋಡಿದರೆ, ಆಮೇಲೆ ಚೈನ್‌ನಿಂದ ಉದುರಿಹೋಗುವ ಬ್ಲಾಕಿನ ಮೇಲೆ ನಂಬಿ ಪಾಲು ಕೊಟ್ಟಂತಾಗಬಹುದು. ಎರಡನ್ನೂ ನೋಡಿ, ಎರಡರಲ್ಲೂ ಅನುಮತಿ ಇದ್ದರೆ ಮಾತ್ರ ಕೊಡಿ. ಕೊಡುವುದು ತಡವಾಗುತ್ತದೆ, ನಿಲ್ಲಿಸುವುದು ಬೇಗ ಆಗುತ್ತದೆ, ಬೇಕಾದದ್ದೂ ಅದೇ.

ಆದರೆ ಈಗಾಗಲೇ ತೆರೆದು ಓದಿದವರ ಯಂತ್ರದಲ್ಲಿ ಪ್ರತಿ ಉಳಿದಿದ್ದರೆ ಅದನ್ನು ಯಾವ ಬ್ಲಾಕ್‌ಚೈನೂ ಹಿಂದೆ ಎಳೆದು ತರುವುದಿಲ್ಲ. "ಕಳಿಸಿದ ಮೇಲೂ ಅಳಿಸುತ್ತೇವೆ" ಎಂದು ಮಾರುವವರ ಮಾತು ಅವರ ಆ್ಯಪ್‌ನ ಒಳಗೆ ಮಾತ್ರ ನಿಜ, ಮೊಬೈಲ್‌ನಿಂದ ಪರದೆಯ ಫೋಟೋ ಹೊಡೆದವರಿಗೆ ಅನ್ವಯಿಸುವುದಿಲ್ಲ.

ಪಾಲು ಇಟ್ಟುಕೊಂಡ ಸಂಸ್ಥೆ ಬಿಟ್ಟುಹೋದರೆ?

ಪಾಲುಗಳನ್ನು ಹೊಸದಾಗಿಸಬೇಕು. ಇಡೀ ಕೀಲಿಕೈಯನ್ನು ಮತ್ತೆ ಕೂಡಿಸದೆಯೇ ಇದನ್ನು ಮಾಡಬಹುದು: ಉಳಿದವರು ಸೊನ್ನೆಯನ್ನು ಪಾಲು ಮಾಡಿ ಹಂಚಿಕೊಂಡು, ಬಂದದ್ದನ್ನು ತಮ್ಮ ಹಳೆಯ ಪಾಲಿಗೆ ಕೂಡಿಸುತ್ತಾರೆ. ಕೀಲಿಕೈ ಅದೇ, ಪಾಲುಗಳು ಬೇರೆ. ಹೋದವರ ಹಳೆಯ ಪಾಲು ಹೊಸ ಪಾಲಿನ ಜೊತೆ ಕೂಡುವುದಿಲ್ಲ. ಉಳಿದ ನಾಲ್ವರೂ ಹಳೆಯ ಪಾಲನ್ನು ಬ್ಯಾಕಪ್ ಸಮೇತ ಅಳಿಸಿದರೆ ಮಾತ್ರ ಇದಕ್ಕೆ ಅರ್ಥ. ಮೂರು ಹಳೆಯ ಪಾಲು ಎಲ್ಲಾದರೂ ಉಳಿದರೆ ಅವು ಈಗಲೂ ಕೆಲಸ ಮಾಡುತ್ತವೆ. ವರ್ಷಕ್ಕೊಮ್ಮೆ ಲೆಕ್ಕಪರಿಶೋಧನೆಯ ಹೊತ್ತಿಗೆ ಹೀಗೆ ಹೊಸದಾಗಿಸುವ ರೂಢಿ ಒಳ್ಳೆಯದು.

ಓದುವವರ ಮೊಬೈಲ್ ಅಥವಾ ಲ್ಯಾಪ್‌ಟಾಪ್ ಕಳೆದರೆ ಇಷ್ಟೆಲ್ಲ ಬೇಡ. ಹಳೆಯ ವಿಳಾಸದ ಅನುಮತಿ ತೆಗೆದು ಹೊಸ ಪಬ್ಲಿಕ್ ಕೀ ನೋಂದಾಯಿಸಿ, ಮುಗಿಯಿತು.

ಮೂರು ಪಾಲು ಬಂದಿವೆ, ಆದರೂ "ಟ್ಯಾಗ್ ಹೊಂದುತ್ತಿಲ್ಲ" ಎಂದು ಬರುತ್ತದೆ.

ಶಮೀರ್ ಲೆಕ್ಕಕ್ಕೆ ತಪ್ಪು ಪಾಲು ಗೊತ್ತಾಗುವುದಿಲ್ಲ. ಕೆಟ್ಟ ಪಾಲು ಕೊಟ್ಟರೂ ಏನೋ ಒಂದು 32 ಬೈಟ್ ಬರುತ್ತದೆ, ಕೀಲಿಕೈಯಂತೆಯೇ ಕಾಣುತ್ತದೆ. ತಪ್ಪು ಹಿಡಿಯುವುದು ಜಿಸಿಎಂ ಟ್ಯಾಗ್. ಹೆಚ್ಚಾಗಿ ಕಾರಣ ಇವುಗಳಲ್ಲಿ ಒಂದು: ಹೊಸದಾಗಿಸುವ ಮುಂಚಿನ ಪಾಲು ಮತ್ತು ನಂತರದ ಪಾಲು ಬೆರೆತಿವೆ, ಎರಡು ಪಾಲಿಗೆ ಒಂದೇ ಸಂಖ್ಯೆ ಬಿದ್ದಿದೆ, ಕಡತದ ಹೊಸ ಆವೃತ್ತಿಗೆ ಹಳೆಯ ಆವೃತ್ತಿಯ ಪಾಲು ಬಂದಿದೆ. ಪಾಲಿನ ಜೊತೆಯೇ ಕಡತದ ಸಂಖ್ಯೆ, ಆವೃತ್ತಿ, ಹೊಸದಾಗಿಸಿದ ಸುತ್ತು ಮೂರನ್ನೂ ಬರೆದಿಟ್ಟರೆ ಇವು ಬರುವುದೇ ಇಲ್ಲ.

ಆದರೂ ಬಂದರೆ ಐದೂ ಪಾಲು ತರಿಸಿ. ಐದರಲ್ಲಿ ಮೂರನ್ನು ಆರಿಸುವ ಬಗೆ ಹತ್ತು. ಒಂದು ಪಾಲು ಮಾತ್ರ ಕೆಟ್ಟಿದ್ದರೆ ಆ ಹತ್ತರಲ್ಲಿ ನಾಲ್ಕು ಸರಿಯಾಗಿ ತೆರೆಯುತ್ತವೆ, ಆ ನಾಲ್ಕರಲ್ಲೂ ಕಾಣದ ಪಾಲೇ ಕೆಟ್ಟದ್ದು.

ಪಾಲು-ಸರ್ವರ್‌ಗೆ ಕನ್ನಡದಲ್ಲಿ ಪಾಸ್‌ಫ್ರೇಸ್ ಇಟ್ಟೆವು, ಇನ್ನೊಂದು ಕಂಪ್ಯೂಟರ್‌ನಲ್ಲಿ ತೆಗೆದುಕೊಳ್ಳುತ್ತಿಲ್ಲ.

ನಮ್ಮ ಕಡೆ ತಪ್ಪದೆ ಬರುವ ತೊಂದರೆ, ಇಂಗ್ಲಿಷ್ ಕೈಪಿಡಿಗಳಲ್ಲಿ ಸಿಗುವುದಿಲ್ಲ. "ಕೊ" ಅಕ್ಷರದ ಒತ್ವವನ್ನು ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಊತ್ವದ ಎರಡು ಸಂಕೇತ ಜೋಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಬೈಟ್‌ಗಳು ಬೇರೆ, ಹುಟ್ಟುವ ಕೀಲಿಕೈಯೂ ಬೇರೆ. ದೀರ್ಘ ಈ, ಏ, ಓ ಮತ್ತು ಐತ್ವಕ್ಕೂ ಇದೇ ಕತೆ. ಅರ್ಕಾವೊತ್ತು ತಪ್ಪಿಸಲು ಕೀಬೋರ್ಡ್ ನಡುವೆ ಸೇರಿಸುವ ಕಾಣದ ಜೋಡಕ ಅಕ್ಷರಗಳೂ ಲೆಕ್ಕಕ್ಕೆ ಬರುತ್ತವೆ. ನುಡಿ ಅಥವಾ ಬರಹದ ಹಳೆಯ ಫಾಂಟ್‌ನಲ್ಲಿ ಬೆರಳಚ್ಚು ಮಾಡಿದ್ದರೆ ಒಳಗಿರುವುದು ಕನ್ನಡವೇ ಅಲ್ಲ, ಇಂಗ್ಲಿಷ್ ಅಕ್ಷರಗಳ ಸಾಲು.

ಪಾಸ್‌ಫ್ರೇಸ್ ಬಳಸುವ ಮುಂಚೆ ತಂತ್ರಾಂಶ ಅದನ್ನು ಎನ್‌ಎಫ್‌ಸಿ ರೂಪಕ್ಕೆ (ಇಂಥ ಜೋಡಿಗಳನ್ನು ಒಂದೇ ಸಂಕೇತ ಮಾಡುವ ಯುನಿಕೋಡ್ ರೂಪ) ತರಬೇಕು, ಕಾಣದ ಅಕ್ಷರ ತೆಗೆಯಬೇಕು, ಆಮೇಲೆ ಪಾಸ್‌ಫ್ರೇಸಿನಿಂದ ಕೀಲಿಕೈ ಹುಟ್ಟಿಸುವ ಆರ್ಗಾನ್2ಐಡಿಗೆ ಕೊಡಬೇಕು. 64 ಎಂಬಿ ಮೆಮೊರಿ, ಮೂರು ಸುತ್ತು, ನಾಲ್ಕು ಲೇನ್ ಎಂಬುದು ಸಣ್ಣ ಯಂತ್ರಕ್ಕೂ ಒಪ್ಪುವ ಮಾನಕ ಅಳತೆ. ತಂತ್ರಾಂಶ ತಿದ್ದುವುದು ನಿಮ್ಮ ಕೈಯಲ್ಲಿಲ್ಲ ಎಂದಾದರೆ ಪಾಸ್‌ಫ್ರೇಸನ್ನು ಇಂಗ್ಲಿಷ್ ಸಣ್ಣಕ್ಷರದಲ್ಲೇ ಇಡಿ.

ಪಾಲನ್ನು ಕಾಗದದ ಮೇಲೆ ಮುದ್ರಿಸಿ ಲಾಕರ್‌ನಲ್ಲಿ ಇಡಬಹುದೇ?

ಪ್ರತಿ ಕಡತದ ಪಾಲು ಮುದ್ರಿಸುತ್ತ ಕೂರಲು ಆಗದು. ಪಾಲು-ಸರ್ವರ್‌ನ ಬ್ಯಾಕಪ್ ತೆರೆಯುವ ಮೂಲ ಕೀಲಿಕೈ ಒಂದನ್ನು ಮುದ್ರಿಸಿ ಇಡಿ. ಎಸ್‌ಎಲ್‌ಐಪಿ-39 ವಿಧಾನದಲ್ಲಿ ಅದನ್ನೂ ಒಡೆಯಬಹುದು. 256 ಬಿಟ್‌ಗೆ ಪ್ರತಿ ಪಾಲು 33 ಇಂಗ್ಲಿಷ್ ಪದ, ತಪ್ಪು ಬರೆದರೆ ಹಿಡಿಯುವ ತಪಾಸಣೆ ಪದಗಳೂ ಅದರಲ್ಲೇ ಸೇರಿವೆ. ಬಿಲ್ ಮಷಿನ್‌ನ ಥರ್ಮಲ್ ಕಾಗದ ಮಾಸಿಹೋಗುತ್ತದೆ, ಇಂಕ್‌ಜೆಟ್ ಅಕ್ಷರ ಧಾರವಾಡದ ಮಳೆಗಾಲದ ತೇವಕ್ಕೆ ಹರಡುತ್ತದೆ. ಲೇಸರ್ ಪ್ರಿಂಟ್ ಅಥವಾ ಪೆನ್ಸಿಲ್. ಕೋರ್ಟ್ ಎದುರಿನ ಝೆರಾಕ್ಸ್ ಅಂಗಡಿಗೆ ಪೆನ್ ಡ್ರೈವ್ ಒಯ್ಯಬೇಡಿ. ವಾಟ್ಸ್‌ಆ್ಯಪ್ ಗುಂಪಿಗೆ ಫೋಟೋ ಹಾಕಿದರೆ ಗುಂಪಿನ ಪ್ರತಿ ಮೊಬೈಲ್‌ನ ಗ್ಯಾಲರಿಯಲ್ಲೂ ಪಾಲು ಕೂತಂತೆ.

ಕಡತ ತೆರೆಯಿತು, ಆದರೆ ಕಡತದ ಜೊತೆ ಒಳಗೇ ಇಟ್ಟ ಮೂಲದ ಹ್ಯಾಶ್ ತಾಳೆಯಾಗುತ್ತಿಲ್ಲ.

ಯಾರೋ ವರ್ಡ್‌ನಲ್ಲಿ ತೆರೆದು ಮತ್ತೆ ಉಳಿಸಿರುತ್ತಾರೆ, ಇಲ್ಲವೇ ಸ್ಕ್ಯಾನ್ ಚಿತ್ರ ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಆಗಿ ಬಂದು ಕುಗ್ಗಿರುತ್ತದೆ. ಒಂದೇ ಅಕ್ಷರವೂ ಬದಲಾಗದಿದ್ದರೂ ಪಿಡಿಎಫ್ ಮತ್ತೆ ಹುಟ್ಟಿಸಿದರೆ ಒಳಗಿನ ದಿನಾಂಕ ಬದಲಾಗಿ ಹ್ಯಾಶ್ ಬೇರೆಯಾಗುತ್ತದೆ. ಮೊದಲು ಸಹಿಯಾದ ಪ್ರತಿಯೇ ಮೂಲ, ಅದನ್ನು ಮುಟ್ಟಬೇಡಿ.

ರೈತರ ಆಧಾರ್ ಸಂಖ್ಯೆ ಬದಲು ಅದರ ಹ್ಯಾಶ್ ಚೈನ್‌ಗೆ ಹಾಕಿದರೆ ಗುಟ್ಟು ಉಳಿಯುತ್ತದಲ್ಲವೇ?

ಉಳಿಯುವುದಿಲ್ಲ. ಆಧಾರ್ 12 ಅಂಕಿ, ಅದರಲ್ಲಿ ಕೊನೆಯದು ತಪಾಸಣೆಗೆ. ಹತ್ತು ಸಾವಿರ ಕೋಟಿಗಿಂತ ಹೆಚ್ಚು ಸಾಧ್ಯತೆ ಇಲ್ಲ. ಒಂದು ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ ನೂರಾರು ಕೋಟಿ ಎಸ್‌ಎಚ್‌ಎ-256 ಲೆಕ್ಕ ಮಾಡುತ್ತದೆ, ಪೂರ್ತಿ ಪಟ್ಟಿ ನಿಮಿಷಗಳ ಕೆಲಸ. ಮೊಬೈಲ್ ಸಂಖ್ಯೆ, ಸರ್ವೆ ನಂಬರ್ ಇನ್ನೂ ಸುಲಭ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಜನರಿಗೆ ತಮ್ಮ ಮಾಹಿತಿ ಅಳಿಸಿ ಎಂದು ಕೇಳುವ ಹಕ್ಕು ಕೊಟ್ಟಿದೆ, ಚೈನ್‌ನಲ್ಲಿ ಅಳಿಸಲು ಬಾರದು. ಅಲ್ಲಿ ಯಾದೃಚ್ಛಿಕ ಕ್ರಮಸಂಖ್ಯೆ ಮಾತ್ರ ಇರಲಿ, ಅದು ಯಾರದೆಂಬ ಪಟ್ಟಿ ಸಂಘದ ಒಳಗಿರಲಿ. ಕಡತದ ಹೆಸರಿನಲ್ಲೂ ರೈತರ ಹೆಸರು ಬೇಡ.

ಯಾವ ಚೈನ್? ನಮ್ಮಲ್ಲಿ ಕರೆಂಟ್ ಹೋಗುತ್ತದೆ.

ಐದೂ ಸಂಸ್ಥೆ ಗೊತ್ತಿರುವವೇ ಆದ್ದರಿಂದ ಸಾರ್ವಜನಿಕ ಚೈನ್‌ಗಿಂತ ಹೈಪರ್‌ಲೆಡ್ಜರ್ ಫ್ಯಾಬ್ರಿಕ್‌ನಂಥ ಅನುಮತಿಯ ಚೈನ್ (ಒಪ್ಪಿಗೆ ಪಡೆದವರು ಮಾತ್ರ ಸೇರುವಂಥದ್ದು) ಸರಿಹೊಂದುತ್ತದೆ. ಟೋಕನ್ ಕೊಳ್ಳುವುದಿಲ್ಲ, ಗ್ಯಾಸ್ ಇಲ್ಲ. ಅದರ ರಾಫ್ಟ್ ವ್ಯವಸ್ಥೆಯಲ್ಲಿ ಐದು ಆರ್ಡರರ್ (ನಮೂದುಗಳನ್ನು ಕ್ರಮವಾಗಿ ಜೋಡಿಸುವ ಯಂತ್ರ) ಇದ್ದರೆ ಎರಡು ಮಲಗಿದರೂ ಚೈನ್ ನಡೆಯುತ್ತದೆ, ಮೂರು ಮಲಗಿದರೆ ನಿಲ್ಲುತ್ತದೆ. ಪಾಲಿನ ಲೆಕ್ಕವೂ ಅಷ್ಟೇ ಆದ್ದರಿಂದ ಒಂದೇ ಯುಪಿಎಸ್ ಎರಡಕ್ಕೂ ಆಯಿತು. ಆದರೆ ರಾಫ್ಟ್ ಸಹಿಸುವುದು ನಿಂತುಹೋದ ಯಂತ್ರವನ್ನು, ಸುಳ್ಳು ಹೇಳುವ ಯಂತ್ರವನ್ನಲ್ಲ. ಸಂಸ್ಥೆಗಳ ನಡುವೆ ಅಷ್ಟು ಅಪನಂಬಿಕೆ ಇದ್ದರೆ ಫ್ಯಾಬ್ರಿಕ್ 3.0ರಿಂದ ಬಂದಿರುವ, ಸುಳ್ಳು ಹೇಳುವ ಯಂತ್ರವನ್ನೂ ಸಹಿಸುವ ಬಿಎಫ್‌ಟಿ ವಿಧಾನ ಹಾಕಿ. ಒಂದು ಸುಳ್ಳುಗಾರ ಯಂತ್ರ ತಡೆಯಲು ಕನಿಷ್ಠ ನಾಲ್ಕು ಬೇಕು.

ಕೋರ್ಟ್ ಇದನ್ನು ಒಪ್ಪುತ್ತದೆಯೇ?

ಚೈನ್‌ನಲ್ಲಿ ಇದೆ ಎಂಬುದರಿಂದಲೇ ಏನೂ ಸಾಬೀತಾಗುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ವಿದ್ಯುನ್ಮಾನ ದಾಖಲೆಗೆ ಪ್ರಮಾಣಪತ್ರ ಬೇಕು. ಅದರ ನಮೂನೆಯಲ್ಲಿ ಎರಡು ಭಾಗ, ಒಂದು ಹಾಜರುಪಡಿಸುವವರದು, ಇನ್ನೊಂದು ತಜ್ಞರದು, ಎರಡರಲ್ಲೂ ಹ್ಯಾಶ್ ಬರೆಯುವ ಜಾಗವಿದೆ. ಅದಕ್ಕಾಗಿ ಮೂಲ ಕಡತದ ಹ್ಯಾಶ್ ಅನ್ನು ಕಡತದ ಜೊತೆಯೇ, ಎನ್‌ಕ್ರಿಪ್ಟ್ ಆದ ಭಾಗದೊಳಗೆ, ಇಟ್ಟುಕೊಂಡಿರಿ. ಉಯಿಲು ಈ ದಾರಿಗೆ ಬರುವುದಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯೇ ಅದನ್ನು ಹೊರಗಿಟ್ಟಿದೆ, ಕಾಗದದ ಮೇಲೆಯೇ ಇರಬೇಕು. ಗೋದಾಮಿನ ವಿದ್ಯುನ್ಮಾನ ರಸೀದಿಗೆ ಅದರದೇ ಅಧಿಕೃತ ಭಂಡಾರಗಳಿವೆ, ಈ ವ್ಯವಸ್ಥೆ ಅದಕ್ಕೆ ಬದಲಿ ಅಲ್ಲ.

ನಮ್ಮದು ಒಂದೇ ಕಚೇರಿ. ಬ್ಲಾಕ್‌ಚೈನ್ ಬೇಕೇ?

ಬೇಡ. ಏಜ್ ಎಂಬ ಸಣ್ಣ ಎನ್‌ಕ್ರಿಪ್ಷನ್ ತಂತ್ರಾಂಶ, ಒಂದು ಸರ್ವರ್, ಮನೆ ಮತ್ತು ಬ್ಯಾಂಕ್ ಲಾಕರ್‌ನಲ್ಲಿ ಇಟ್ಟ ಕೀಲಿಕೈ ಸಾಕು. ಅನುಮತಿಯ ರಿಜಿಸ್ಟರ್ ಯಾರೊಬ್ಬರ ಕೈಯಲ್ಲೂ ಇರಬಾರದು ಎಂಬ ಜಗಳ ಇದ್ದಲ್ಲಿ ಮಾತ್ರ ಚೈನ್‌ಗೆ ಕೆಲಸ.

ಶುರು ಮಾಡುವ ಮುಂಚೆ ಏನನ್ನು ಪರೀಕ್ಷಿಸಬೇಕು?

ಲೆಕ್ಕಕ್ಕಿಲ್ಲದ ಒಂದು ಪಿಡಿಎಫ್ ಸೇರಿಸಿ. ಬ್ಯಾಡಗಿ ಮತ್ತು ಗದಗಿನ ಸರ್ವರ್ ಆರಿಸಿ ಹುಬ್ಬಳ್ಳಿಯಿಂದ ತೆರೆಯಿರಿ: ತೆರೆಯಬೇಕು. ಧಾರವಾಡದ್ದನ್ನೂ ಆರಿಸಿ: ತೆರೆಯಬಾರದು. ಎಲ್ಲ ಹಚ್ಚಿ, ಬ್ಯಾಂಕಿನ ಅನುಮತಿ ತೆಗೆದು ಎಷ್ಟು ಹೊತ್ತಿಗೆ ನಿಲ್ಲುತ್ತದೆ ನೋಡಿ. ಆಮೇಲೆ ಒಂದು ಪಾಲು-ಸರ್ವರ್‌ನ ಡಿಸ್ಕ್ ಖಾಲಿ ಮಾಡಿ ಬ್ಯಾಕಪ್‌ನಿಂದ ಎಬ್ಬಿಸಿ, ಅದೂ ಅದನ್ನು ಕೂರಿಸಿದವರಿಗೆ ಫೋನ್ ಮಾಡದೆ. ಫೋನ್ ಮಾಡಲೇಬೇಕಾಗಿ ಬಂದರೆ ಆ ಪಾಲು ಇನ್ನೂ ಅವರದೇ.